ಎಡಗೈಯ ಬಿಲ್ಲುಗಾರ

ನಮ್ಮ ಯಜಮಾನರು ತೊಬಿಯಾಸ್ ಅಚ್ಚು ಹಾಕುವ ತಾಮ್ರದ ತಗಡಿನಲ್ಲಿ ಅಲಂಕಾರದ ಮಾದರಿ ಕೊರೆಯುವವರು. ನಮ್ಮೂರು ಆಗ್ಸ್‌ಬರ್ಗಿನ ಅರ್ಧದಷ್ಟು ಬೆಳ್ಳಿ ಕೆಲಸದವರು ಇವರ ಚಿಪ್ಪು, ಬಳ್ಳಿ, ಅಲೆಗಳನ್ನು ನೋಡಿಯೇ ಕೈ ಆಡಿಸುತ್ತಿದ್ದರು. ಆ ಚಳಿಗಾಲ ಇವರ ಕಣ್ಣು ಮಂಜಾಯಿತು. ಯಾರಿಗೂ ಹೇಳಲಿಲ್ಲ, ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದರು. ಬೆಳಗಿನ ತಿಂಡಿಯ ಬಿಯರ್ ಸಾರಿನ ಬಟ್ಟಲಿಗಾಗಿ ತಡಕಾಡುವವರು ಹೇಳದಿದ್ದರೇನು, ಹೆಂಡತಿಗೆ ಗೊತ್ತಾಗುವುದಿಲ್ಲವೇ? ಮಗಳು ಸಬೀನಾಳಿಗೂ ಗೊತ್ತಾಗಿತ್ತು. ಅಪ್ಪ ಮಗಳ ಕಣ್ಣಾಮುಚ್ಚಾಲೆಯ ನಡುವೆ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಪ್ರಕಾಶಕ ಲೈಡಿಗ್ ಗಡಿಯಾರದ ಚೌಕಟ್ಟಿನ ನಕ್ಷೆಯೊಂದನ್ನು ತಂದುಕೊಟ್ಟ. ಅದರ ನೆತ್ತಿಯ ಮೇಲೆ ಬಿಲ್ಲು ಎಳೆಯುತ್ತಿರುವ ರೆಕ್ಕೆಯ ಮಗು. ಇದು ಕೆಟ್ಟರೆ ಇನ್ನೊಂದು ತಗಡು ನಮ್ಮ ಮನೆಗೆ ಬರುವುದಿಲ್ಲವೆಂದು ಬಾಯಿಬಿಟ್ಟೇ ಹೇಳಿದ.

ತಗಡಿನಲ್ಲಿ ಕೊರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಅಚ್ಚಾಗುತ್ತದೆ. ಅದಕ್ಕೇ ಇವರು ನಕ್ಷೆಯನ್ನು ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಂಡಂತೆ ಕೊರೆಯುವುದು. ಮಬ್ಬುಗಣ್ಣಿಗೆ ಆ ಕಾಟ ಬೇಡವೆಂದು ಸಬೀನಾ ನಕ್ಷೆಯನ್ನು ತಾನೇ ಎಡಬಲ ತಿರುಗಿಸಿ, ದಪ್ಪ ಗೆರೆಯಲ್ಲಿ ಬರೆದು, ಸದ್ದಿಲ್ಲದೆ ಮೇಜಿನ ಮೇಲೆ ಬದಲಿಸಿಟ್ಟಳು. ಬರೆದದ್ದು ಎಡಗೈಯಲ್ಲಿ. ಚಿಕ್ಕಂದಿನಲ್ಲಿ ಆ ಕೈಗೆ ಅಪ್ಪ ಅಳತೆಕೋಲಿನಿಂದ ಬಾರಿಸಿದ್ದಕ್ಕೆ ಲೆಕ್ಕವಿಲ್ಲ. ನಕ್ಷೆ ಬದಲಿಸಿದ್ದನ್ನು ಹೇಳಿದರೆ ಅಪ್ಪನ ಗುಟ್ಟು ಬಲ್ಲೆನೆಂದು ಒಪ್ಪಿಕೊಂಡಂತಾಗುತ್ತದೆ, ಹಾಗಾಗಿ ಹೇಳಲಿಲ್ಲ. ಇವರೋ, ಹಳೆಯ ಅಭ್ಯಾಸ, ಅದನ್ನೂ ಕನ್ನಡಿಯ ಮುಂದೆ ನಿಲ್ಲಿಸಿದರು. ತಿರುಗಿದ್ದು ಮತ್ತೆ ತಿರುಗಿತು.

ಮೊದಲ ಅಚ್ಚು ತೆಗೆದವಳು ನಾನೇ. ಚಿಪ್ಪು ಬಳ್ಳಿಗಳಿಗೆ ಎಡವೇನು, ಬಲವೇನು? ಚೆಂದವಾಗಿಯೇ ಇದ್ದವು. ಆದರೆ ಮಗು ಎಡಗೈಯಿಂದ ಬಾಣ ಎಳೆಯುತ್ತಿತ್ತು. ಸಬೀನಾ ಬಿಳಿಚಿಕೊಂಡಳು. ಹಾಳೆ ಒಣಗುವ ಮೊದಲೇ ಲೈಡಿಗ್ ಬಂದ.

"ಏನ್ ತೊಬಿಯಾಸ್, ಈ ಪೋರ ಎಡಚನಾ?"

ಇವರು ಹಾಳೆಯ ಕಡೆ ತಿರುಗಲೂ ಇಲ್ಲ. "ಬರ್ದವಳೇ ಎಡಚಿ. ದಪ್ಪ ಗೆರೆ ನೋಡಿದಾಗ್ಲೇ ನನ್ ಮಗಳದ್ದು ಅಂತ ಗೊತ್ತಾಯ್ತು. ತಿರುಗ್ಸಿ ಬರ್ದಿದಾಳೆ ಅಂತ ಮಾತ್ರ ಹೊಳೀಲಿಲ್ಲ. ನನ್ ಕಣ್ಣು ಹೋಯ್ತು ಸ್ವಾಮಿ. ತಪ್ಪು ನಂದು, ಗೆರೆ ಅವಳ್ದು. ಮುಂದಿನ ತಗಡು ಅವಳಿಗೇ ಕೊಡಿ."

ಅಷ್ಟು ಜಂಬದ ಮನುಷ್ಯ ಹೀಗೆ ಹೇಳಿದ್ದು ಕೇಳಿ ನನಗೆ ಅಳು ಬಂತು. ಲೈಡಿಗ್ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ತಗಡಿನಿಂದ ಮಗುವನ್ನಷ್ಟೇ ಹೆರೆದು ತೆಗೆದು ಅವಳೇ ಮತ್ತೆ ಕೊರೆಯಲಿ, ಕೈ ನೋಡಿ ಮುಂದಿನದು ಕೊಡುತ್ತೇನೆ ಎಂದು ಹೋದ.

ಇವರು ತಮ್ಮ ಉಳಿಯನ್ನು ಮಗಳತ್ತ ನೀಡಿದರು. ಸಬೀನಾ ಹೆದರುತ್ತ ಬಲಗೈ ಚಾಚಿದಳು.

"ಅದಲ್ಲ ಮಗಳೇ," ಎಂದರು. "ಆ ಕೈ ಕೊಡು."