ದಂಡಿನ ಮೈದಾನದ ಬೆಳ್ಳಿ ಕಪ್

ಚಾಂದಬೀನ್ನ ಕಂಡ್ರ ನನ್ನ ಹೊಟ್ಟಿ ಉರೀತೈತಿ. ಮುಚ್ಚಿಡೋದು ಏನೈತಿ ಇದರಾಗ? ಕೌಲ್ ಬಜಾರದಾಕಿ, ಬಳ್ಳಾರಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನ ಕಡಿಂದ ಕೋಲು-ಚೆಂಡಿನ ಹಾಕಿ ಆಟ ಆಡ್ತಾಳ. ನಾನು ಗುರುಬಸಮ್ಮ, ಕುರುಗೋಡು ಕಾಲೇಜಿನಾಕಿ. ಹೋದ ವರ್ಷ ವಿಲಾಯತಿ ರಾಣಿಯಮ್ಮನ ಜುಬಿಲಿಗೆ ಪಂದ್ಯ ಇಟ್ಟಾಗ ಗೋಲು ಹೊಡದಾಕಿ ನಾನು. ಮಂದಿ ಬಾಯಾಗ ಮಾತ್ರ ಬರೇ ಚಾಂದಬೀ ಓಟದ ಸುದ್ದಿ. ಈ ವರ್ಷ ಕಪ್ಪೂ ಬೇಕು, ಮಂದಿ ಬಾಯಾಗ ನನ್ನ ಹೆಸರೂ ಬೇಕು ಅಂತ ಹಟ ಹಿಡಿದೆ.

ಸಿರುಗುಪ್ಪದವರನ್ನ ಮುಂಜಾನೆನೇ ಸೋಲಿಸಿ ಕೂಡ್ರಿಸಿದ್ವಿ. ಮಧ್ಯಾಹ್ನ ಬಳ್ಳಾರಿಯವರ ಜೋಡಿ ಫೈನಲ್. ಗಂಡಸರ ಕಣ್ಣು ಬೀಳಬಾರದಂತ ಬಳ್ಳಾರಿ ದಂಡಿನ ಮೈದಾನದ ಸುತ್ತ ಕನಾತು ಕಟ್ಟಿದ್ರು. ಒಳಗ ಹೆಂಗಸರಷ್ಟೇ, ನಡುವ ಸೀಟಿ ಹಿಡಕೊಂಡ ದೊರೆಸಾನಿ. ನಾವೆಲ್ಲಾ ಕಚ್ಚಿ ಹಾಕಿದ್ವಿ. ಚಾಂದಬೀದು ಪೈಜಾಮ, ಮೊಣಕಾಲ ತನಕ ಕುರ್ತಾ.

ಆಟ ನೋಡಾಕ ನನ್ನ ಜೋಡಿ ಬಂದಿದ್ದ ಅವ್ವ ಮೊದಲೇ ಹೇಳಿದ್ಲು, "ಓಡೋ ಆಟ ಐತಿ, ಲಿಂಗದ ಕರಡಿಗಿ ವಸ್ತ್ರದಾಗ ಸುತ್ತಿ ಎದಿಗೆ ಬಿಗಿಯಾಗಿ ಕಟ್ಟಿಕೋ." ನಾ ಕಟ್ಟಲಿಲ್ಲ. ಕರಡಿಗಿ ಹೊಸ ಬೆಳ್ಳೀದು. ಚಾಂದಬೀ ಝುಮ್ಕಿ ನೋಡೋ ಕಣ್ಣು ಒಂದೀಟು ನನ್ನ ಕಡಿಗೂ ಹೊರಳ್ಲಿ ಅಂತ ಹೊರಗೇ ಬಿಟ್ಟಿದ್ದೆ.

ಇಬ್ಬರದೂ ಒಂದೊಂದು ಗೋಲಾಗಿತ್ತು. ಆಟ ಮುಗಿಯಾಕ ಬಂದಾಗ ಚೆಂಡು ನನಗ ಸಿಕ್ತು, ಬಳ್ಳಾರಿ ಗೋಲಿನ ಕಡಿಗೆ ನುಗ್ಗಿದೆ. ಚಾಂದಬೀ ಅಡ್ಡ ಬಂದ್ಲು. ಕೋಲಿಗೆ ಕೋಲು ಬಡೀತು, ಆಕಿ ಕೋಲಿನ ಡೊಂಕಿಗೆ ನನ್ನ ಕೊರಳಾಗಿನ ಕರಡಿಗಿ ಶಿವದಾರ ಸಿಕ್ಕು ಹರಕೊಂಡ್ತು. ಲಿಂಗ ನೆಲಕ್ಕ ಬಿದ್ರ ನಮ್ಮ ಮಂದ್ಯಾಗ ಬದುಕಿದ್ದೂ ಸತ್ತಂಗ.

ಚಾಂದಬೀ ಕೋಲು ಒಗೆದು, ಮೊಣಕಾಲೂರಿ, ಕುರ್ತಾದ ಉಡಿ ಒಡ್ಡಿದ್ಲು. ಕರಡಿಗಿ ಅದರಾಗ ಬಿತ್ತು. ಕೈ ಮುಟ್ಟಿಸಲಿಲ್ಲ ಆಕಿ. ಆಕಿ ಮನಿ ಗ್ವಾಡಿಗೆ ಹತ್ತಿದ್ದೇ ಲಿಂಗವಂತರ ಮನಿ, ನಮ್ಮ ರೀತಿ ಎಲ್ಲಾ ಬಲ್ಲಾಕಿ.

"ಬಾ ಗುರುಬಸಮ್ಮ, ನಿನ್ನ ಕೈಲೇ ತಗೋ" ಅಂದ್ಲು.

ಚೆಂಡು ನನ್ನ ಕಾಲ ಮುಂದೇ ಇತ್ತು. ಗೋಲಿಗೆ ಅಡ್ಡ ಯಾರೂ ಇರಲಿಲ್ಲ. ದೊರೆಸಾನಿ ಸೀಟಿ ಊದಿರಲಿಲ್ಲ. ನಾ ಮೊದಲು ಚೆಂಡು ಹೊಡೆದೆ, ಆಮ್ಯಾಲೆ ಲಿಂಗ ತಗೊಂಡೆ. ನೀವಾಗಿದ್ರ ಏನ್ ಮಾಡ್ತಿದ್ರಿ? ಕನಿಕರ ನೋಡಿ ಕಪ್ ಕೊಡ್ತಾರೇನು?

ಕಪ್ ನನ್ನ ಕೈಗೆ ಬಂತು. ಹೆಂಗಸರೆಲ್ಲಾ ಚಾಂದಬೀನ್ನ ಮುತ್ತಿಕೊಂಡ್ರು. ನಮ್ಮವ್ವ, ನನ್ನ ಹೆತ್ತಾಕಿ, ಆಕಿ ಗಲ್ಲ ಸವರಿ ಲಟಿಗಿ ಮುರದ್ಲು. ಸೋತಾಕಿ ನಕ್ಕೋತ ನಿಂತಿದ್ಲು ನೋಡ್ರಿ, ಅದನ್ನ ನನ್ನಿಂದ ಸಹಿಸಾಕ ಆಗಲಿಲ್ಲ.

ಹೊಳ್ಳಿ ಬರುವಾಗ ಬಾದನಹಟ್ಟ್ಯಾಗ ದೊಡ್ಡಮ್ಮನ ಮನಿ ಮುಂದ ಬಂಡಿ ನಿಲ್ಸಿದ್ವಿ. ಎತ್ತಿಗೆ ನೀರಿಡಾಕ ಬಂದ ದೊಡ್ಡಮ್ಮ ಕೇಳಿದ್ಲು, "ಯಾರು ಗೆದ್ರವ್ವಾ?"

ನಾ ಬಾಯಿ ತೆಗೆಯೋದರಾಗ ಅವ್ವ ಅಂದ್ಲು, "ಕೌಲ್ ಬಜಾರದ ಚಾಂದಬೀ."

ಕಪ್ ನನ್ನ ಉಡ್ಯಾಗೇ ಇತ್ತು.