ಬೀರಾನ್‌ಕುಟ್ಟಿ ಮುಸ್ಲಿಯಾರರ ಭಾಷಣ

ಓಣಂ ಹಬ್ಬದ ದಿನ ಪಕ್ಕದ ಮನೆಯ ಕಾರ್ತ್ಯಾಯನಿ ತಂದುಕೊಟ್ಟ ಪಾಯಸವನ್ನು ಸಫ್ವಾನ್ ಡಬ್ಬಿ ಸಮೇತ ಹಿತ್ತಲಿಗೆ ಎಸೆದ. ಆಕೆ ಇನ್ನೂ ಬೇಲಿ ದಾಟಿರಲಿಲ್ಲ. ಡಬ್ಬಿ ಕಲ್ಲಿಗೆ ಬಡಿದ ಸದ್ದಿಗೆ ಒಂದು ಗಳಿಗೆ ನಿಂತಳು. ತಿರುಗಿ ನೋಡದೆ ಹೋದಳು.

ಸಫ್ವಾನನ ತಾಯಿ ಬೀಯಾತುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಮಗ ಕೂಸಾಗಿದ್ದಾಗ ಕಾಮಾಲೆ ಬಂದರೆ ಸೊಂಟದಲ್ಲಿಟ್ಟುಕೊಂಡು ವೈದ್ಯರ ಮನೆಗೆ ಅಲೆದವಳು ಕಾರ್ತ್ಯಾಯನಿ. ಬೀಯಾತುವಿನ ಗಂಡ ಆಗಲೂ ಮಸ್ಕತ್‌ನಲ್ಲಿದ್ದ, ಈಗಲೂ ಅಲ್ಲೇ. ಅವಳು ತಲೆಗೆ ಸೆರಗು ಹೊದ್ದು ನೇರ ಮದ್ರಸಕ್ಕೆ ನಡೆದಳು.

ನಮ್ಮ ಕಡಲತೀರದ ಊರಿನಲ್ಲಿ ಅರ್ಧ ಜನಕ್ಕೆ ಕುರ್‌ಆನ್ ಓದಲು ಕಲಿಸಿದವರು ಬೀರಾನ್‌ಕುಟ್ಟಿ ಮುಸ್ಲಿಯಾರ್. ಸಫ್ವಾನ್ ಅವರ ಅಚ್ಚುಮೆಚ್ಚಿನ ಶಿಷ್ಯ. ಬೇರೆ ಜಿಲ್ಲೆಯ ಕೆಲವು ಹುಡುಗರು ಯಾರದೋ ಮಾತು ಕೇಳಿ ಪರದೇಶದ ಯುದ್ಧಕ್ಕೆ ಹೋಗಿ ಕಾಣೆಯಾದ ಮೇಲೆ ಊರೂರಲ್ಲಿ ಎಚ್ಚರಿಕೆಯ ಸಭೆಗಳಾದವು. ನಮ್ಮೂರ ಸಭೆಯಲ್ಲಿ ಮಾತಾಡಿದ್ದೂ ಮುಸ್ಲಿಯಾರರೇ. "ಮದ್ರಸದಲ್ಲಿ ಸರಿಯಾಗಿ ಓದಿದವನು ದಾರಿ ತಪ್ಪಲ್ಲ. ತಪ್ಪೋನು ಫೋನಲ್ಲಿ ದೀನ್-ಧರ್ಮ ಕಲಿತೋನು" ಎಂದಿದ್ದರು.

ಬೀಯಾತು ಹೇಳಿದ್ದನ್ನೆಲ್ಲ ಕೇಳಿ ಅವರು ನಕ್ಕರು. "ಅಳ್ಬೇಡ. ನನ್ನ ಹತ್ರ ಅಲಿಫ್ ಬಾ ಅಕ್ಷರ ಕಲಿತ ಹುಡುಗ ಅವನು. ಕಿವಿ ಹಿಂಡಿದ್ರೆ ಸರಿ ಹೋಗ್ತಾನೆ."

"ಕಿವಿ ಹಿಂಡೋ ವಯಸ್ಸು ದಾಟಿತು ಉಸ್ತಾದೆ. ನಾನು ಮಾಡಿದ ಅನ್ನ ಮುಟ್ಟಲ್ಲ, ದರ್ಗಾ ಹರಕೆಗೆ ಹೋಗೋಳ ಕೈ ಅಡುಗೆ ಬೇಡ ಅಂತಾನೆ. ಯಾರಿಗೂ ಹೇಳ್ದೆ ಪಾಸ್‌ಪೋರ್ಟ್ ಮಾಡಿಸಿದ್ದಾನೆ. ಬಾಪ್ಪನ ಹತ್ರ ಮಸ್ಕತ್‌ಗೆ ಹೋಗ್ತೀಯಾ ಅಂದ್ರೆ ಬಾಯೇ ಬಿಡಲ್ಲ."

ಮುಸ್ಲಿಯಾರರ ನಗು ಅಲ್ಲಿಗೆ ನಿಂತಿತು. ಅಂದೇ ಸಂಜೆ ಅವಳ ಮನೆಗೆ ಹೋದರು.

ಸಫ್ವಾನ್ ಎದ್ದು ನಿಂತು ಕುರ್ಚಿ ಕೊಟ್ಟ. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಬೀಯಾತು ಕರಿ ಚಹಾ ತಂದಿಟ್ಟು ಬಾಗಿಲ ಹಿಂದೆ ನಿಂತಳು.

"ನೆರೆಯವರ ಹಕ್ಕಿನ ಪಾಠ ಮರೆತ್ಯೇನೋ?" ಮುಸ್ಲಿಯಾರ್ ಕೇಳಿದರು. "ನಾನೇ ಕಲಿಸಿದ್ದಲ್ವಾ?"

"ಮರೆತಿಲ್ಲ. ಇದನ್ನೂ ಮರೆತಿಲ್ಲ." ಸಫ್ವಾನ್ ಫೋನ್ ತೆಗೆದು ಮೇಜಿನ ಮೇಲಿಟ್ಟ.

ಅದರಿಂದ ಬಂದದ್ದು ಮುಸ್ಲಿಯಾರರದೇ ದನಿ. ಹಿಂದಿನ ಮದ್ರಸ ವಾರ್ಷಿಕೋತ್ಸವದ ಭಾಷಣ. "ಅವರ ಹಬ್ಬದ ಸಿಹಿ ನಾಲಿಗೆಗೆ ಇಟ್ಟವನ ಈಮಾನ್, ಅವನ ನಂಬಿಕೆ, ಅದೇ ನಾಲಿಗೆ ಮೇಲೆ ಕರಗಿ ಹೋಗುತ್ತೆ! ಅವರ ಜೊತೆ ನಗೋನು ನಾಳೆ ಪರಲೋಕದಲ್ಲಿ ಅವರ ಜೊತೆಗೇ ಏಳ್ತಾನೆ!" ಆಮೇಲೆ 'ಅಲ್ಲಾಹು ಅಕ್ಬರ್' ಎಂದು ಜನರ ತಕ್ಬೀರ್, ಒಂದರ ಮೇಲೊಂದು.

ಮುಸ್ಲಿಯಾರ್ ಫೋನನ್ನು ಮಗುಚಿಟ್ಟರು. "ಅದು... ಅದರ ಹಿಂದೆ ಮುಂದೆ ಬೇರೆ ಮಾತಿತ್ತು. ಕತ್ತರಿಸಿದ್ದಾರೆ."

"ನಾನು ಅಲ್ಲೇ ಮುಂದೆ ಕೂತಿದ್ದೆ ಉಸ್ತಾದ್. ಹಿಂದೆ ಮುಂದೆ ಏನಿತ್ತು?"

ಏನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಜನ ಆಕಳಿಸುತ್ತಿದ್ದರು, ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಹಿಡಿದು ಕೂರಿಸಲು ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಅಂದಿದ್ದರು. ಸ್ವತಃ ಅವರ ಮನೆಗೆ ಪ್ರತಿ ಓಣಂಗೂ ಹಳೆಯ ಪೋಸ್ಟ್‌ಮ್ಯಾನ್ ಶಂಕುಣ್ಣಿಯ ಮನೆಯಿಂದ ಊಟ ಬರುತ್ತದೆ. ಈ ಓಣಂ ದಿನವೂ ಮಧ್ಯಾಹ್ನ ಅದನ್ನು ಉಂಡೇ ಇಲ್ಲಿಗೆ ಬಂದಿದ್ದರು.

"ಆವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದ್ದೀರಾ?" ಸಫ್ವಾನ್ ಕೇಳಿದ. "ನನ್ನ ಜೊತೆ ಫೋನಲ್ಲಿ ಮಾತಾಡೋರು ಇದನ್ನ ಕೇಳಿಸಿಯೇ ಶುರು ಮಾಡಿದ್ದು. 'ನಿನ್ನ ಉಸ್ತಾದ್ ಹೇಳ್ತಾರೆ, ಮಾಡಲ್ಲ. ನಾವು ಮಾಡ್ತೀವಿ, ಬಾ' ಅಂದ್ರು. ತಪ್ಪೇನಿದೆ ಅದರಲ್ಲಿ?"

ಬೀಯಾತು ಬಾಗಿಲ ಹಿಂದಿನಿಂದ ಈಚೆ ಬಂದು ಮುಸ್ಲಿಯಾರರ ಮುಖವನ್ನೇ ನೋಡಿದಳು. ಅವರು ಚಹಾ ಮುಟ್ಟದೆ ಎದ್ದರು. ಅಂಗಳದಲ್ಲಿ ಚಪ್ಪಲಿ ಕಾಲಿಗೆ ಸಿಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಡೆದರು.

ಮನೆಯಲ್ಲಿ ಹೆಂಡತಿ ಕುಞ್ಞೀಬಿ ಎಲ್ಲ ಕೇಳಿಸಿಕೊಂಡಳು. "ಆವತ್ತು ಬಂದು ನನ್ನ ಹತ್ರ ಏನಂದ್ರಿ ಗೊತ್ತಾ? 'ಜನ ಎದ್ದು ನಿಂತ್ಬಿಟ್ರು ಕುಞ್ಞೀಬಿ' ಅಂದ್ರಿ. ಏನು ಹೇಳಿದೆ ಅಂತ ಮಾತ್ರ ಹೇಳ್ಲಿಲ್ಲ."

ಶುಕ್ರವಾರದ ನಮಾಜಿಗೆ ಮೊದಲು ಮುಸ್ಲಿಯಾರ್ ಮಸೀದಿ ಕಮಿಟಿಯ ಅಧ್ಯಕ್ಷ ಹಂಸ ಹಾಜಿಯವರಿಗೆ ನಡೆದದ್ದನ್ನೆಲ್ಲ ಹೇಳಿ, ಜನರ ಮುಂದೆ ಮಾತಾಡಲು ಅನುಮತಿ ಕೇಳಿದರು. ಹಾಜಿಗೆ ಸಿಟ್ಟು ಬಂತು. "ನಿಮಗೇನು ಹುಚ್ಚಾ? ಯಾರಿಗೂ ನೆನಪಿಲ್ಲದ್ದನ್ನ ಕೆದಕಿ ನಿಮ್ಮ ಮರ್ಯಾದೆ ಜೊತೆ ನಮ್ಮದೂ ಕಳೀತೀರಲ್ಲ. ಆ ಹುಡುಗನ್ನ ಪೊಲೀಸರಿಗೆ ಹಿಡಿದುಕೊಟ್ರೆ ಮುಗೀತು."

"ಪೊಲೀಸರು ಕೇಳಿದ್ರೆ ಮೊದಲು ನನ್ನ ಹೆಸರು ಹೇಳ್ಬೇಕಾಗುತ್ತೆ ಹಾಜಿ."

ನಮಾಜ್ ಮುಗಿದ ಮೇಲೆ ಮುಸ್ಲಿಯಾರ್ ಎದ್ದು ನಿಂತರು. ಸಾವಿರ ಜನರ ಮುಂದೆ ನಿರಾಯಾಸವಾಗಿ ಮಾತಾಡುತ್ತಿದ್ದವರು ಅಂದು ತೊದಲಿದರು. "ವಾರ್ಷಿಕೋತ್ಸವದಲ್ಲಿ ನಾನು ಹೇಳಿದ್ದು ದೀನ್ ಅಲ್ಲ. ನಿಮ್ಮ ತಕ್ಬೀರಿನ ಆಸೆಗೆ ಹೇಳಿದ್ದು. ಓಣಂ ಊಟ ನಾನೇ ಉಣ್ತೀನಿ. ಅಲ್ಲಾಹನ ಹೆಸರಲ್ಲಿ ನನ್ನ ಮಾತು ಮಾರಿದೆ. ಮಾಫ್ ಮಾಡಿ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೆಲವರು ಮಾತು ಮುಗಿಯುವ ಮೊದಲೇ ಎದ್ದು ಹೋದರು. ಕಂಬಕ್ಕೊರಗಿ ಕೂತಿದ್ದ ಸಫ್ವಾನ್ ತಲೆ ಎತ್ತಲೇ ಇಲ್ಲ.

ಅಲ್ಲಿಂದ ಅವರು ಕಾರ್ತ್ಯಾಯನಿಯ ಮನೆಗೆ ಹೋದರು. ಆಕೆ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕತ್ತಿ ಕೆಳಗಿಡಲಿಲ್ಲ.

"ನೀವು ಹೇಳಿದ್ದು ನಂಗೆ ಆವತ್ತೇ ಕೇಳಿಸಿತ್ತು ಮುಸ್ಲಿಯಾರೆ. ಮೈಕ್ ಕಟ್ಟಿದ್ದು ನಮ್ಮ ತೆಂಗಿನ ಮರಕ್ಕೇ ಅಲ್ವಾ? ಹುಡುಗ್ರು ಬಂದು ಕೇಳಿದ್ರು, ಕಟ್ಕೊಳ್ಳಿ ಅಂದೆ."

ಮುಸ್ಲಿಯಾರ್ ಆ ಮರದ ಕಡೆ ನೋಡಿದರು. ಆಮೇಲೆ ಕೇಳಿದರು: "ಕೇಳಿದ ಮೇಲೂ ಪಾಯಸ ತಗೊಂಡು ಹೋದ್ರಾ?"

"ಬೀಯಾತುಗೆ ತಗೊಂಡು ಹೋದೆ, ನಿಮಗಲ್ಲ." ಮತ್ತೆ ಮೀನಿನ ಕಡೆ ಬಗ್ಗಿದಳು. "ಪಾಯಸ ಹೋಗ್ಲಿ ಬಿಡಿ. ಆ ಹುಡುಗ ನನ್ನ ಮುಖ ನೋಡ್ಲಿಲ್ಲ. ಅದನ್ನ ಸರಿ ಮಾಡೋಕಾಗುತ್ತಾ ನಿಮ್ಮಿಂದ? ಮಾಡಿ."

ಆಕೆ ಕ್ಷಮಿಸಿದೆ ಎನ್ನಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಕೆಲವು ದಿನಗಳ ಮೇಲೆ ಸಫ್ವಾನ್ ತಾನಾಗಿಯೇ ಮದ್ರಸಕ್ಕೆ ಬಂದ, ಜಗಳಕ್ಕೆ. ಫೋನಿನವರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟ. ಮುಸ್ಲಿಯಾರ್ ಹಿಂದಿನಂತೆ ಬಾಯಿ ಮುಚ್ಚಿಸಲಿಲ್ಲ. ಗೊತ್ತಿದ್ದದ್ದಕ್ಕೆ ಕಿತಾಬು ತೆಗೆದು ತೋರಿಸಿದರು. ಉಳಿದದ್ದಕ್ಕೆ, "ಇದು ನಂಗೊತ್ತಿಲ್ಲ, ಓದಿ ಹೇಳ್ತೀನಿ" ಎಂದರು. ಆ ಮಾತು ಅವರ ಬಾಯಲ್ಲಿ ನಾವು ಯಾರೂ ಕೇಳಿರಲಿಲ್ಲ. ಸಫ್ವಾನ್ ಮರುದಿನವೂ ಬಂದ. ಬರಬರುತ್ತಾ ಇನ್ನೂ ನಾಲ್ಕು ಜನ ಕಾಲೇಜು ಹುಡುಗ ಹುಡುಗಿಯರು ಸೇರಿಕೊಂಡರು. ಪಾಸ್‌ಪೋರ್ಟನ್ನು ಅವನು ತಾಯಿಯ ಕೈಗೆ ಕೊಟ್ಟದ್ದು ರಂಜಾನ್ ತಿಂಗಳಲ್ಲಿ. ಕಾರ್ತ್ಯಾಯನಿಯ ಎದುರು ನಿಲ್ಲಲು ಅವನಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಯಿತು.

ಮಸೀದಿಯಲ್ಲಿ ಮುಸ್ಲಿಯಾರ್ ಮಾಫಿ ಕೇಳಿದ್ದನ್ನೂ ಕೆಲವರು ಫೋನಿನಲ್ಲಿ ಹಿಡಿದಿದ್ದರು. ಅದು ಊರು ದಾಟಲಿಲ್ಲ. ಹಳೆಯ ಭಾಷಣ ಮಾತ್ರ ಈಗಲೂ ತಿರುಗುತ್ತಿದೆ. ಮೊನ್ನೆ ತಿರೂರಿನ ಬಸ್ ನಿಲ್ದಾಣದಲ್ಲಿ ಮುಸ್ಲಿಯಾರ್ ಯಾರ ಹತ್ತಿರವೋ ದಾರಿ ಕೇಳುತ್ತಿದ್ದಾಗ ಗುರುತಿಲ್ಲದ ತರುಣನೊಬ್ಬ ದನಿ ಕೇಳಿಯೇ ಓಡಿಬಂದು ಅವರ ಕೈ ಹಿಡಿದುಕೊಂಡನಂತೆ. "ಆ ಉಸ್ತಾದ್ ನೀವೇ ಅಲ್ವಾ? ಏನು ಭಾಷಣ! ನನಗೆ ಬಾಯಿಪಾಠ ಇದೆ."

ಮುಸ್ಲಿಯಾರ್ ತಲೆ ತಗ್ಗಿಸಿದರಂತೆ. "ಹೌದು ಮೋನೆ, ನಾನೇ. ಬಾ, ಇಲ್ಲಿ ಕೂತ್ಕೊ. ಸ್ವಲ್ಪ ಮಾತಾಡೋದಿದೆ."