ಕುದುರೆ ತಿನ್ನದ ಊರು

ನಮ್ಮ ಕುದುರೆ ರೆಜಿಮೆಂಟ್ ಮುಚ್ಚುವ ಆದೇಶ ಬಂದಾಗ ಕರ್ನಲ್ ಒರಾಜ್‌ಗೆಲ್ದಿ ಲಾಯದ ನೆರಳಿನಲ್ಲಿ ಕೂತು ಹಸಿರು ಚಹಾ ಕುಡಿಯುತ್ತಿದ್ದರು. ಓದಿ ಮುಗಿಸಿ, ಗಾಳಿಗೆ ಹಾರದಂತೆ ಕಾಗದವನ್ನು ಕೆಟಲಿನ ಅಡಿಗಿಟ್ಟರು.

"ಸಾಹೆತ್, ಇನ್ಮೇಲೆ ನಾವೂ ನಡಕೊಂಡು ಹೋಗೋರೇ ಕಣೋ."

"ಕುದುರೆಗಳು, ಆಗಾ?"

"ಅದನ್ನೂ ಬರೆದಿದಾರೆ."

ಎಳೆಯ ಸೈನಿಕರು ಟ್ಯಾಂಕ್ ಪಡೆಗೆ, ಉಳಿದವರು ಮನೆಗೆ. ಗಟ್ಟಿ ಕುದುರೆಗಳು ಸಾಮೂಹಿಕ ಬೇಸಾಯದ ಫಾರ್ಮುಗಳಿಗೆ. ಕೆಲಸಕ್ಕೆ ಬಾರದವು ನಮ್ಮ ತುರ್ಕ್‌ಮೆನ್ ನಾಡಿನದೇ ತೆಜೆನ್ ಪಟ್ಟಣದ ಮಾಂಸದ ಕಾರ್ಖಾನೆಗೆ. ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಒಂದೇ ಬಾಂಬಿಗೆ ಊರಿಗೆ ಊರೇ ಸುಟ್ಟುಹೋಗುವ ಕಾಲದಲ್ಲಿ ಕುದುರೆಗೆ ಹುಲ್ಲು ಹಾಕುವುದು ದಂಡ ಎಂದು ಮಾಸ್ಕೋದಲ್ಲಿ ಯಾರಿಗೋ ಅನಿಸಿತ್ತು. ಅನಿಸಿದ್ದು ತಪ್ಪೂ ಅಲ್ಲ.

ನಾನು, ಸಾಹೆತ್, ಲಾಯದ ಸಾರ್ಜೆಂಟ್. ಹನ್ನೆರಡು ವರ್ಷ ಅವರ ಜೊತೆಗಿದ್ದೆ, ಹಿರಿಯಣ್ಣನಿಗೆ ಅನ್ನುವಂತೆ ಆಗಾ ಎನ್ನುತ್ತಿದ್ದೆ. ಅವರು ಆದೇಶ ಮೀರಿದ್ದನ್ನು ನೋಡಿರಲಿಲ್ಲ. ಹದಿನೇಳನೇ ವಯಸ್ಸಿಗೆ ಕೆಂಪು ಸೇನೆ ಸೇರಿದ್ದು ಊಟಕ್ಕಾಗಿ ಎಂದು ಅವರೇ ಹೇಳುತ್ತಿದ್ದರು. ಆಗ ಅವರ ಅಣ್ಣ ಮರಳುಗಾಡಿನಲ್ಲಿ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ. ಅವನು ಯಾವ ಬಾವಿಯ ನೀರು ಕುಡಿಯುತ್ತಾನೆಂದು ಗೊತ್ತಿದ್ದದ್ದು ತಮ್ಮನೊಬ್ಬನಿಗೇ. ಸೇನೆಯವರು ದಾರಿ ತೋರಿಸು ಅಂದರು, ಇವರು ತೋರಿಸಿದರು. ಮೊದಲ ಪದಕ ಬಂದದ್ದು ಅದಕ್ಕೆ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಇಂಗ್ಲಿಷರ ಗೂಢಚಾರ ಎಂದು ಸರ್ಕಾರದವರು ಇವರನ್ನೇ ಹಿಡಿದುಕೊಂಡು ಹೋದರು. ಇವರು ಜೀವಮಾನದಲ್ಲಿ ಒಬ್ಬ ಇಂಗ್ಲಿಷನ ಮುಖ ನೋಡಿದವರಲ್ಲ. ಎರಡು ವರ್ಷದ ಮೇಲೆ ಕಾರಣ ಹೇಳದೆ ಬಿಟ್ಟರು. ಬೆಲ್ಟು, ಟೋಪಿ, ಪದಕ ಎಲ್ಲ ವಾಪಸ್ ಕೊಟ್ಟರು. ಹಲ್ಲು ಕೊಡಲಿಲ್ಲ. ಈಗ ಬಾಯಲ್ಲಿರುವುದು ಉಕ್ಕಿನವು. ಮರುವರ್ಷ ಜರ್ಮನರು ಬಂದರು. ಹಲ್ಲು ಉದುರಿಸಿದವರ ಕಡೆಯಿಂದಲೇ ಇವರು ಯುದ್ಧ ಮಾಡಿ, ಡಾನ್ ನದಿಯಿಂದ ಓಡರ್ ನದಿವರೆಗೆ ರೆಜಿಮೆಂಟನ್ನು ನಡೆಸಿದರು.

ಅಷ್ಟು ದೂರ ಅವರನ್ನು ಹೊತ್ತದ್ದು ಗುಮುಶ್, ಬೆಳ್ಳಿ ಬಣ್ಣದ ಹೆಣ್ಣು ಕುದುರೆ. ಅವಳ ಕುತ್ತಿಗೆಯೊಳಗೆ ಇನ್ನೂ ಒಂದು ಸಿಡಿಗುಂಡಿನ ಚೂರಿತ್ತು. ಮುಟ್ಟಿದರೆ ಕೈಗೆ ಸಿಗುತ್ತಿತ್ತು. ಕರ್ನಲ್‌ಗೆ ಮಕ್ಕಳಿರಲಿಲ್ಲ.

ಆದೇಶ ಬಂದ ಮರುದಿನ ಅವರು ನನ್ನನ್ನು ಕರೆದರು. ಪಶುವೈದ್ಯ ಮಿಶಿನ್ ಕೂಡ ಇದ್ದ. ರಷ್ಯಾದ ಹುಡುಗುಮುಖದ ಲೆಫ್ಟಿನೆಂಟ್, ಹೆಂಡತಿ ತುಂಬು ಬಸುರಿ.

"ಹೋದ ಸಲ ಫಾರ್ಮಿಗೆ ಕೊಟ್ಟ ಕುದುರೆಗಳು ಏನಾದ್ವು?"

"ಹತ್ತಿ ಗಾಡಿಗೆ ಕಟ್ಟಿದ್ರು, ಆಗಾ. ಒಂದೆರಡು ಉಳಿದಿರಬೇಕು."

"ಕಾರ್ಖಾನೆಗೆ ಹೋದವು?"

ನನಗೆ ನಗು ಬಂತು. ಆ ಕಥೆ ತೆಜೆನ್‌ನಲ್ಲಿ ಎಲ್ಲರಿಗೂ ಗೊತ್ತು. ಕಾರ್ಖಾನೆಯ ಕಟುಕರೆಲ್ಲ ನಮ್ಮವರೇ. ಕುದುರೆಗಳು ಒಳಗೆ ಬಂದದ್ದೇ ಚಾಕು ಕೆಳಗಿಟ್ಟು ಮನೆಗೆ ಹೋದರು. ತುರ್ಕ್‌ಮೆನ್ನನೊಬ್ಬ ಕುದುರೆ ಕೊಯ್ದ ಎಂದಾದರೆ ಅವನ ಮಗಳನ್ನು ಯಾರೂ ಮದುವೆಯಾಗುವುದಿಲ್ಲ. ಕುದುರೆಗಳು ಒಂದು ತಿಂಗಳು ಸರ್ಕಾರದ ಹುಲ್ಲು ಮೇಯ್ದವು. ಆಮೇಲೆ ಯಾರೋ ಗೇಟು ತೆಗೆದಿಟ್ಟರು. ಅದರಲ್ಲೊಂದು ಈಗಲೂ ನನ್ನ ಸೋದರಮಾವನ ಮನೆಯಲ್ಲಿದೆ.

"ಹಾಗಾದ್ರೆ ಎಲ್ಲವೂ ಕೆಲಸಕ್ಕೆ ಬಾರದವು," ಎಂದರು ಕರ್ನಲ್. "ಬರಕೊಳ್ಳಪ್ಪ ಮಿಶಿನ್. ಕುಂಟು, ಕೆಮ್ಮು, ಬೆನ್ನುಹುಣ್ಣು. ಏನು ಬೇಕೋ ಬರಕೋ."

"ಎಲ್ಲವೂ ಅಂದ್ರೆ... ಗುಮುಶ್ ಕೂಡಾನಾ ಸರ್?"

"ಅವಳೇ ಮೊದಲು."

ಜೀವನದಲ್ಲಿ ಮೊದಲ ಸಲ ಅವರು ಸರ್ಕಾರಕ್ಕೆ ಸುಳ್ಳು ಹೇಳುತ್ತಿದ್ದರು. ಅದಕ್ಕೋ ಏನೋ, ಆ ಸಂಜೆ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಅವರ ಹೆಂಡತಿ ಸೋನಾ, ನಮಗೆಲ್ಲ ಗೆಲ್ನೆಜೆ ಅಂದರೆ ಅತ್ತಿಗೆ, ಮಾತ್ರ ಒಲೆಯಿಂದ ರೊಟ್ಟಿ ತೆಗೆಯುತ್ತಾ ಗೊಣಗುತ್ತಿದ್ದರು.

"ಹಲ್ಲು ಹೋದ್ರೂ ಬುದ್ಧಿ ಬರಲಿಲ್ಲ ನಿಮಗೆ. ಬದುಕಿಸೋಕೆ ಕಟುಕನ ಮನೆಗೆ ಕಳಿಸೋರನ್ನ ಎಲ್ಲಾದ್ರೂ ಕಂಡಿದೀರಾ?"

"ಕಟುಕ ಯಾರು? ನಿನ್ನ ತಮ್ಮ ತಾನೆ? ಕೇಳಿ ನೋಡು, ಕುದುರೆ ಕೊಯ್ತೀಯಾ ಅಂತ."

"ಅವನ್ಯಾಕೆ ಕೊಯ್ತಾನೆ? ಕೊಯ್ದರೆ ನಾನು ಅವನ ಮನೆ ನೀರು ಮುಟ್ಟಲ್ಲ."

"ಮತ್ತೆ?"

ಗೆಲ್ನೆಜೆ ಮುಂದಿನ ರೊಟ್ಟಿಗೆ ಕೈ ಹಾಕಿದರು. ಕುದುರೆ ಮಾಂಸವನ್ನು ಯಾರು ತಿಂದಾರು ಎಂದೇ ನಾವೆಲ್ಲ ಯೋಚಿಸಿದ್ದೆವು. ಭೂಮಿ ತೆಜೆನ್‌ನಾಚೆಗೂ ಇದೆ ಎಂಬುದು ಓಡರ್‌ವರೆಗೆ ಹೋಗಿಬಂದ ನಮಗೇ ಹೊಳೆಯಲಿಲ್ಲ.

ಕೆಲಸಕ್ಕೆ ಬಾರದ ಕುದುರೆಯ ಎಡತೊಡೆಯ ಮೇಲೆ ಕೂದಲು ಕತ್ತರಿಸಿ ಗುರುತು ಮಾಡುವುದು ಸೈನ್ಯದ ಪದ್ಧತಿ. ಗುಮುಶ್‌ಳ ಕೂದಲನ್ನು ಕರ್ನಲ್ ತಾವೇ ಕತ್ತರಿಸಿದರು. ಅವಳು ಕಚಗುಳಿಯಾದಂತೆ ಚರ್ಮ ಅಲುಗಿಸಿದಳು.

"ನಿಲ್ಲೇ ಮುದುಕಿ. ಒಂದು ತಿಂಗಳು ಕಾರ್ಖಾನೆ ಹುಲ್ಲು ತಿನ್ನು, ಆಮೇಲೆ ಮನೆಗೆ ಬಾ."

ವಾರ ಕಳೆದು ಮೇಜರ್ ರ್ಯಾಬಿನಿನ್ ಬಂದ. ಸೈನ್ಯದ ಕೇಂದ್ರದಿಂದ ಬಂದ ಮನುಷ್ಯ, ಸಭ್ಯ. ಕೈಕುಲುಕಿದ, ಕಲ್ಲಂಗಡಿ ತಿಂದ, ಚೆನ್ನಾಗಿದೆ ಅಂದ. ಆಮೇಲೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಳ್ಳುತ್ತಾ ಹೇಳಿದ:

"ಸ್ಟೇಷನ್ನಿಗೆ ನಾಳೆ ಬೋಗಿಗಳು ಬರ್ತವೆ, ಕರ್ನಲ್. ಬೆಳಿಗ್ಗೆಯೇ ಹತ್ತಿಸಿಬಿಡಿ."

"ಬೋಗಿ ಯಾಕೆ? ಕಾರ್ಖಾನೆ ಇಲ್ಲೇ ಇದೆ. ನಡೆಸಿಕೊಂಡು ಹೋಗ್ತೀವಿ."

"ನಿಮ್ಮ ಜನ ಕೊಯ್ಯಲ್ವಂತಲ್ಲ. ಹೋದ ಸಲ ರಾದ್ಧಾಂತ ಆಗಿತ್ತಂತೆ. ಅದಕ್ಕೇ ಈ ಸಲ ಉತ್ತರಕ್ಕೆ, ಅರಲ್ ಸಮುದ್ರದ ಆಚೆಗೆ. ಅಲ್ಲಿ ಕಜಾಕರು ಕುದುರೆ ಮಾಂಸಕ್ಕೆ ಸಾಲು ನಿಲ್ತಾರೆ."

ಕರ್ನಲ್ ಕೈಯಲ್ಲಿದ್ದ ಕಲ್ಲಂಗಡಿ ತುಂಡನ್ನು ತಟ್ಟೆಗಿಟ್ಟರು.

"ಮೇಜರ್, ನಮ್ಮ ವೈದ್ಯ ಅವಸರದಲ್ಲಿ ನೋಡಿದಾನೆ. ಇನ್ನೊಂದ್ಸಲ ಪರೀಕ್ಷೆ ಮಾಡಿಸ್ತೀನಿ. ಬಹಳಷ್ಟು ಗಟ್ಟಿಯಾಗಿವೆ. ಫಾರ್ಮಿಗೆ ಕೊಡೋಣ."

ರ್ಯಾಬಿನಿನ್ ಕಿಟಕಿಯಾಚೆ ನೋಡಿದ. ಅಂಗಳದಲ್ಲಿ ಕೆಮ್ಮು, ಕುಂಟು ಎಂದು ಬರೆದಿದ್ದ ಗಂಡು ಕುದುರೆಯೊಂದು ಹಿಂಗಾಲೆತ್ತಿ ಕುಣಿಯುತ್ತಿತ್ತು.

"ನನಗೂ ಕಣ್ಣಿದೆ, ಕರ್ನಲ್. ಕುದುರೆ ಗಟ್ಟಿ ಅಂದ್ರೆ ಮೊದಲು ಬರೆದದ್ದು ಸುಳ್ಳು. ಸರ್ಕಾರದ ಸ್ವತ್ತನ್ನ ಹಾಳು ಅಂತ ಬರೆಯೋದಕ್ಕೆ ಹೆಸರೇನು ಅಂತ ನಿಮಗೆ ನಾನು ಹೇಳಿಕೊಡಬೇಕಾ? ನೀವು ಒಂದ್ಸಲ ಜೈಲಿಗೆ ಹೋಗಿಬಂದವರು. ಆದ್ರೆ ಆ ವೈದ್ಯ ಹುಡುಗ?"

"ಬರೆಸಿದ್ದು ನಾನು. ಅವನದ್ದೇನೂ ಇಲ್ಲ."

"ಕೆಳಗೆ ಸಹಿ ಅವನದ್ದು."

"ಒಂದೇ ಒಂದು ಬಿಡಿ. ನನ್ನದು. ಮುದಿ ಕುದುರೆ."

"ಪಟ್ಟಿಯಲ್ಲಿ ಮೊದಲ ಹೆಸರೇ ಅದು. ಅದನ್ನ ಬಿಟ್ಟರೆ ಎಲ್ಲರೂ ಯಾಕೆ ಅಂತ ಕೇಳ್ತಾರೆ." ಅವನು ನಿಜಕ್ಕೂ ಬೇಸರಗೊಂಡಂತಿದ್ದ. "ಮೊದಲೇ ನನ್ನನ್ನ ಕೇಳಿದ್ದಿದ್ರೆ ಗಟ್ಟಿ ಅಂತ ಬರೀರಿ ಅಂತಿದ್ದೆ."

ಮಿಶಿನ್ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೊರಗೆ ಬಂದ ಕರ್ನಲ್ ಅವನ ಭುಜ ತಟ್ಟಿ, "ಮನೆಗೆ ಹೋಗಪ್ಪ. ಹೆಂಡತಿ ಕಾಯ್ತಿರ್ತಾಳೆ," ಎಂದರು.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕುದುರೆಗಳು ಹಲಗೆ ಹತ್ತಲಿಲ್ಲ. ಬಂದ ರೈಲ್ವೆ ಕಾವಲಿನ ಹುಡುಗರಿಗೆ ಕುದುರೆ ಗೊತ್ತಿಲ್ಲ. ಬಂದೂಕಿನ ಹಿಡಿಯಿಂದ ಹೊಡೆಯತೊಡಗಿದರು. ಒಂದು ಕುದುರೆ ಹಲಗೆಯಿಂದ ಜಾರಿ ಮುಂಗಾಲು ಮುರಿದುಕೊಂಡು ಹಳಿಯ ಪಕ್ಕ ಬಿತ್ತು. ಅದಕ್ಕೆ ಅಲ್ಲೇ ಗುಂಡು ಹೊಡೆದರು. ಉಳಿದವು ಹುಚ್ಚೆದ್ದವು.

ಯುದ್ಧದ ಉದ್ದಕ್ಕೂ ನಮ್ಮ ಕುದುರೆಗಳನ್ನು ರೈಲಿಗೆ ಹತ್ತಿಸುತ್ತಿದ್ದದ್ದು ಒಂದೇ ರೀತಿ. ಕರ್ನಲ್ ಗುಮುಶ್‌ಳನ್ನು ಮುಂದೆ ನಡೆಸುತ್ತಿದ್ದರು, ಮಿಕ್ಕವು ಅವಳ ಹಿಂದೆ ಹತ್ತುತ್ತಿದ್ದವು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

"ಹೊಡೀಬೇಡ್ರೋ," ಎಂದರು ಕರ್ನಲ್. "ಈಚೆ ಬನ್ನಿ."

ಅವಳ ಹಗ್ಗ ಹಿಡಿದರು. ನಾಲಿಗೆಯಲ್ಲಿ ಟಕ್ ಟಕ್ ಎಂದು ಸದ್ದು ಮಾಡಿದರು. ಗುಮುಶ್ ಹಲಗೆಯನ್ನು ಮೂಸಿ, ಹಳೆಯ ಕೆಲಸ ನೆನಪಾದಂತೆ ಸರಸರನೆ ಹತ್ತಿದಳು. ಹಿಂದೆ ಒಂದೊಂದೇ ಕುದುರೆ ಹತ್ತಿತು. ಬೋಗಿಯಿಂದ ಬೋಗಿಗೆ ಅವಳನ್ನು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ, ಇಡೀ ರೆಜಿಮೆಂಟನ್ನು ಅವರು ತುಂಬಿದರು. ಒಂದು ಏಟೂ ಬೀಳಲಿಲ್ಲ. ಕಾವಲಿನ ಹುಡುಗರು ಸಿಗರೇಟು ಹಚ್ಚಿ ನೋಡುತ್ತಿದ್ದರು. ಕೊನೆಯ ಬೋಗಿಯಲ್ಲಿ ಅವಳನ್ನು ಬಿಟ್ಟು ಹಗ್ಗ ಬಿಚ್ಚಿಕೊಂಡು ಇಳಿದರು. ಕುದುರೆ ಕೈಬಿಟ್ಟರೂ ಹಗ್ಗ ಮನೆಯಲ್ಲಿರಬೇಕು ಎನ್ನುವುದು ನಮ್ಮ ಕಡೆಯ ರೂಢಿ.

ಉಗ್ರಾಣದವನು ಕೈ ಚಾಚಿದ. "ಹಗ್ಗ ಸರ್ಕಾರದ ಲೆಕ್ಕದ್ದು, ಸರ್."

ಕೊಟ್ಟರು.

ಬಾಗಿಲಿಗೆ ಮುದ್ರೆ ಬಿತ್ತು. ಎಂಜಿನ್ ಮಾತ್ರ ಬರಲಿಲ್ಲ. ಬಿಸಿಲು ಏರಿತು, ಒಳಗಿನಿಂದ ಗೊರಸಿನ ಸದ್ದು. ರ್ಯಾಬಿನಿನ್ ಊಟಕ್ಕೆ ಹೋದ. ಕರ್ನಲ್ ಮನೆಗೆ ಹೋಗಲಿಲ್ಲ, ಬಾಗಿಲು ತೆಗೆಯಲೂ ಆಗುತ್ತಿರಲಿಲ್ಲ.

"ಸಾಹೆತ್, ನೀರು ತಾ."

"ಮುದ್ರೆ ಹಾಕಿದಾರೆ, ಆಗಾ."

"ಸಂದಿಯಿಂದ ಕೊಡ್ತೀನಿ."

ಸ್ಟೇಷನ್ನಿನ ನಲ್ಲಿಯಿಂದ ಬಕೆಟ್ಟು ಹೊತ್ತು ತಂದೆ. ಕೊನೆಯ ಬೋಗಿಯ ಹಲಗೆಗಳ ಸಂದಿಗೆ ಬಕೆಟ್ಟು ಹೋಗುವುದಿಲ್ಲ. ಅವರು ಟೋಪಿ ತೆಗೆದು, ನೀರಲ್ಲಿ ಅದ್ದಿ, ಮಡಚಿ ಒಳಗೆ ತೂರಿಸಿದರು. ಬೂದು ಮೂತಿಯೊಂದು ಬಂದು ಮೂಸಿತು. ಕುಡಿಯಲಿಲ್ಲ. ಮತ್ತೆ ಅದ್ದಿದರು, ಮತ್ತೆ ತೂರಿಸಿದರು. ಎಂಜಿನ್ ಬಂದು ಬೋಗಿ ಜಗ್ಗಿದಾಗಲೂ ಅವರ ಕೈ ಸಂದಿಯೊಳಗೇ ಇತ್ತು. ನಾನು ತೋಳು ಹಿಡಿದು ಎಳೆದೆ.